ಎಡಭುಜದ ಮೇಲಿನ ನೋಟ

ವಾರಿಜ ನನ್ನ ಕೈಯಲ್ಲಿದ್ದ, ಪದ ಬರೆದ ಪಟ್ಟಿಯನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ನನ್ನ ಎಡಭುಜದ ಮೇಲೆ, ಒಂದು ಗೇಣು ಹಿಂದಕ್ಕೆ, ನಿಂತ ಹುಡುಗಿಯೊಬ್ಬಳ ಮುಖವಿರಬಹುದಾದ ಎತ್ತರದಲ್ಲಿ ನೆಟ್ಟಿರುತ್ತಿತ್ತು. ಎಷ್ಟೋ ಕಾಲದ ಹಿಂದಿನ ಮಾತು. ಆದರೂ ಆ ನೋಟ ನೆನಪಾದರೆ ನನ್ನ ಕತ್ತು ಇಂದಿಗೂ ತಾನಾಗಿ ಹಿಂದಕ್ಕೆ ಹೊರಳುತ್ತದೆ.

ಆಗ ನಾನು ನಮ್ಮ ಪೇಟೆಯ ಶಾಲೆಯಲ್ಲಿ ಚಿಕ್ಕ ಮಕ್ಕಳ ತರಗತಿಯ ಮೇಷ್ಟ್ರು. ಕಾಗುಣಿತಕ್ಕೆ ಕೈಹಾಕುವ ಮುನ್ನ, ದಿನಬಳಕೆಯ ಪದಗಳನ್ನು ಮಕ್ಕಳು ಇಡಿಯಾಗಿ, ನೆಂಟರ ಮುಖ ಗುರುತಿಸುವಂತೆ ಗುರುತಿಸಬೇಕೆಂಬುದು ನನ್ನ ಪದ್ಧತಿ. ದಪ್ಪ ಕಾಗದದ ಮೇಲೆ ಒಂದೊಂದೇ ಪದ ಬರೆದ ಮಿಂಚುಪಟ್ಟಿಗಳ ಕಟ್ಟೊಂದು ಸದಾ ನನ್ನ ಚೀಲದಲ್ಲಿರುತ್ತಿತ್ತು. ಪಟ್ಟಿಯನ್ನು ಮೊದಲು ನನ್ನ ಕಡೆಗೆ ಹಿಡಿದು, ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಥಟ್ಟನೆ ಮಕ್ಕಳ ಕಡೆಗೆ ತಿರುಗಿಸುವೆ. ತಿರುಗಿದ್ದೇ ತಡ, ಇಡೀ ತರಗತಿ ‘ಮನೆ’, ‘ಹಾಲು’, ‘ಬಾ’ ಎಂದು ಒಕ್ಕೊರಲಿನಿಂದ ಹೇಳುವುದು. ಈ ಕ್ರಮದ ಬಗ್ಗೆ ನನಗೆ ಹೆಮ್ಮೆಯಿತ್ತು, ಈಗಲೂ ಇದೆ.

ವಾರಿಜ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಕುರ್ಚಿ ಗೋಡೆಗೆ ಆನಿಕೊಂಡಿತ್ತು. ಆ ಗೋಡೆಯನ್ನೇ ನೋಡುತ್ತ, ಯಾರೋ ಬರಬೇಕಾದವರು ಬರಲಿಲ್ಲವೆಂಬಂತೆ ಮುಖ ಬಾಡಿಸಿಕೊಂಡು ಕೂತಿರುತ್ತಿದ್ದಳು. ಅವಳ ತಂದೆ ಅನಂತಯ್ಯನದು ಹಿತ್ತಾಳೆ ಪಾತ್ರೆಗಳ ಅಂಗಡಿ. ಒಂದು ದಿನ ನನ್ನನ್ನು ಕರೆದು ಕೂರಿಸಿ, ಈ ಬಾರಿಯ ಪರೀಕ್ಷೆಯಲ್ಲೂ ಮಗಳು ಓದದಿದ್ದರೆ ಶಾಲೆ ಬಿಡಿಸುವುದಾಗಿ ಹೇಳಿದ. “ಇಲ್ಲಿರೋ ಚೊಂಬಿಗೆ ಕಲಿಸಿದ್ದರೂ ಇಷ್ಟು ಹೊತ್ತಿಗೆ ಒಂದು ಪದ ಒದರುತ್ತಿತ್ತು ಮೇಷ್ಟ್ರೇ” ಎಂದು ನಕ್ಕ. ನನಗೆ ನಗು ಬರಲಿಲ್ಲ. ಸಂಜೆಯ ಹೊತ್ತು ಮನೆಗೇ ಬಂದು ಹೇಳಿಕೊಡುತ್ತೇನೆಂದೆ.

ಅವರದು ಹಳೆಯ ಕಾಲದ ಮನೆ. ನಡುಮನೆಯಲ್ಲಿ ಅವಳಿಗೊಂದು ಮಣೆ, ಎದುರಿಗೆ ನನಗೊಂದು ಮಣೆ. ನನ್ನ ಬೆನ್ನಿಗೆ ಒಳಕೋಣೆಯ ತೆರೆದ ಬಾಗಿಲು. ಮೊದಲ ಪಟ್ಟಿಯನ್ನು ನನ್ನ ಕಡೆಗೆ ಹಿಡಿದೆನಷ್ಟೆ, “ಹೂವು” ಎಂದಳು. ಎರಡನೆಯದಕ್ಕೆ “ನೀರು”. ಹೇಳಿದ್ದೆಲ್ಲ ಸರಿಯಾಗಿತ್ತು. ಮಗು ಜಾಣೆ, ಶಾಲೆಯಲ್ಲಿ ಅಂಜುತ್ತದೆ ಎಂದು ಹಿಗ್ಗಿದೆ. ನನ್ನ ಪದ್ಧತಿ ಗೆದ್ದಿತೆಂಬ ಆ ಹಿಗ್ಗಿನಲ್ಲಿ, ಪಟ್ಟಿಗಳನ್ನು ನಾನಿನ್ನೂ ತಿರುಗಿಸಿಯೇ ಇಲ್ಲವೆಂಬುದು ತಡವಾಗಿ ಹೊಳೆಯಿತು.

ಮರುದಿನ ಕಟ್ಟಿನ ನಡುವೆ ಏನೂ ಬರೆಯದ ಪಟ್ಟಿಯೊಂದನ್ನು ಸೇರಿಸಿಕೊಂಡು ಹೋದೆ. ಅದರ ಸರದಿ ಬಂದಾಗ ವಾರಿಜ ನನ್ನ ಭುಜದಾಚೆ ನೋಡಿದಳು, ಹುಬ್ಬು ಗಂಟಿಕ್ಕಿದಳು, ಮತ್ತೆ ನೋಡಿದಳು.

“ಏನೂ ಇಲ್ಲವಂತೆ” ಎಂದಳು.

ತಿರುಗಿ ನೋಡುವ ಧೈರ್ಯ ಸಾಲದೆ, ಮತ್ತೊಂದು ಪಟ್ಟಿಯನ್ನು ಎದೆಗೆ ಒತ್ತಿ, ಮೊಣಕೈಯಿಂದ ಮರೆಮಾಡಿಕೊಂಡು ಕೇಳಿದೆ: “ಹಾಗಂತ ಯಾರಮ್ಮ ಹೇಳಿದ್ದು?”

“ಅಕ್ಕ. ನಿಮ್ಮ ಹಿಂದೆ ನಿಂತಿದ್ದಾಳಲ್ಲ. ಮೊಣಕೈ ಅಡ್ಡ ಇಡಬೇಡ ಅಂತಿದ್ದಾಳೆ.”

ಹೊಸಿಲ ಬಳಿ ಠಣ್ಣೆಂದು ಸದ್ದಾಯಿತು. ಅಂಗಡಿಯಿಂದ ಆಗಷ್ಟೇ ಬಂದಿದ್ದ ಅನಂತಯ್ಯನ ಕೈಯಿಂದ ಬೀಗದಕೈ ಗೊಂಚಲು ಜಾರಿತ್ತು. ಅವನು ಮಗಳನ್ನು ಒಳಗೆ ಅಮ್ಮನ ಬಳಿಗೆ ಕಳಿಸಿ, ಆಮೇಲೆ ಹೇಳಿದ.

ಅವನಿಗೆ ಒಬ್ಬಳು ಅಕ್ಕನಿದ್ದಳು, ತಾರಾ. ಹೆಣ್ಣುಮಗಳೆಂದು ಅವಳನ್ನು ಶಾಲೆಗೆ ಕಳಿಸಿರಲಿಲ್ಲ. ಸಂಜೆ ತಮ್ಮ ಇದೇ ನಡುಮನೆಯಲ್ಲಿ ಪಾಠಕ್ಕೆ ಕೂತರೆ ಅವಳು ಬೆನ್ನ ಹಿಂದೆ ನಿಂತು ಇಣುಕುತ್ತಿದ್ದಳು. ಒಂದಕ್ಷರವನ್ನೂ ಯಾರೂ ಹೇಳಿಕೊಡಲಿಲ್ಲ. ಪದಗಳನ್ನು ಚಿತ್ರಗಳಂತೆ ಇಡಿಯಾಗಿ ನೋಡಿ ನೋಡಿಯೇ ಕಲಿತಳು. ತಮ್ಮನಿಗೆ ತೊಡರಿದಾಗ ಹಿಂದಿನಿಂದ ಪಿಸುಗುಟ್ಟುವಳು. ಅದು ಇವನಿಗೆ ಅವಮಾನ. ಪುಸ್ತಕಕ್ಕೆ ಮೊಣಕೈ ಅಡ್ಡವಿಡುವನು. ಲಂಗ ತೊಡುವ ವಯಸ್ಸಿನಲ್ಲೇ ಅವಳು ಜ್ವರದಲ್ಲಿ ಹೋದಳು. ಆಮೇಲೆ ಆ ಮನೆಯಲ್ಲಿ ಅವಳ ಹೆಸರೆತ್ತಿದವರಿಲ್ಲ.

“ಹೆಂಡತಿಗೂ ಹೇಳಿದವನಲ್ಲ ನಾನು. ಮಗುವಿಗೆ ಹೇಗೆ ಗೊತ್ತು?” ಎಂದ. ಮರುಕ್ಷಣವೇ ದನಿ ಗಟ್ಟಿಮಾಡಿಕೊಂಡು, ಇನ್ನು ಪಾಠವೂ ಬೇಡ, ಶಾಲೆಯೂ ಬೇಡ, ಶಾಂತಿ ಮಾಡಿಸುತ್ತೇನೆಂದ. ಪರೀಕ್ಷೆಯವರೆಗಾದರೂ ತಾಳು ಎಂದು ನಾನು ಬೇಡಿಕೊಂಡೆ. ಪಿಸುಮಾತಿನ ಆಸರೆಯಿಲ್ಲದೆ ಹುಡುಗಿ ತಾನೇ ಓದುವಂತೆ ಮಾಡುತ್ತೇನೆಂದು ಮಾತುಕೊಟ್ಟೆ.

ಮರುಸಂಜೆ ನನ್ನ ಮಣೆಯನ್ನು ಗೋಡೆಗೆ ಸರಿಸಿ, ಬೆನ್ನು ಆನಿಸಿ ಕೂತೆ. ಅನಂತಯ್ಯ ಬಾಗಿಲಲ್ಲಿ ನಿಂತಿದ್ದ. ಪಟ್ಟಿ ಎತ್ತಿದೆ. ವಾರಿಜಳ ಕಣ್ಣು ನನ್ನ ಭುಜವನ್ನು ಬಿಟ್ಟು ನಡುಮನೆಯ ಸುತ್ತ ಅಲೆಯತೊಡಗಿತು. ಕಂಬದಿಂದ ಕಂಬಕ್ಕೆ, ಬಾಗಿಲಿಂದ ಕಿಟಕಿಗೆ ಯಾರನ್ನೋ ಹಿಂಬಾಲಿಸುತ್ತಿರುವಂತಿತ್ತು. ಆಮೇಲೆ ಅವಳ ಕಣ್ಣು ತುಂಬಿತು.

“ಅವಳಿಗೆ ನಿಲ್ಲೋಕೆ ಜಾಗಾನೇ ಇಲ್ಲ ಅಪ್ಪಾ.”

ಅನಂತಯ್ಯ ಅಡುಗೆಮನೆಗೆ ಹೋಗಿ, ಇನ್ನೊಂದು ಮಣೆ ತಂದು, ಅಂಗವಸ್ತ್ರದಿಂದ ಅದರ ಧೂಳು ಒರೆಸಿದ. ಮಗಳ ಮಗ್ಗುಲಲ್ಲಿ ಅದನ್ನು ಹಾಕಿ, ಖಾಲಿ ಬಾಗಿಲ ಕಡೆಗೆ ತಿರುಗಿ, ಅಂಗಡಿಯಲ್ಲಿ ಯಾರೂ ಕೇಳಿರದ ದನಿಯಲ್ಲಿ ಹೇಳಿದ:

“ತಾರಕ್ಕಾ, ನಿಂತಿದ್ದು ಸಾಕು. ಇಲ್ಲಿ ಕೂತ್ಕೋ.”

ಯಾರೂ ಬಂದದ್ದು ನನಗೆ ಕಾಣಲಿಲ್ಲ. ವಾರಿಜ ಮಾತ್ರ ಲಂಗ ಒತ್ತರಿಸಿಕೊಂಡು ಸ್ವಲ್ಪ ಸರಿದಳು. ಈಗ ಪಟ್ಟಿಯ ಮುಖವನ್ನು ನನ್ನ ಭುಜದ ಮೇಲಿಂದ ಮೊದಲೇ ಕಾಣುವವರು ಯಾರೂ ಇರಲಿಲ್ಲ. ನಾನು ಪಟ್ಟಿಯನ್ನು ತಿರುಗಿಸಿದೆ. ಪಕ್ಕದ ಮಣೆಯತ್ತ ಒಮ್ಮೆ ನೋಡಿ, ಜೊತೆಗೆ ಕಲಿಯಲು ಕೂತವಳಿಂದ ಪಿಸುಮಾತು ಸಿಗದೆ, ಆ ಹುಡುಗಿಯ ಕಣ್ಣು ಮೊದಲ ಬಾರಿಗೆ ಪಟ್ಟಿಯ ಮೇಲೆ ಇಳಿಯಿತು.

ತರಗತಿಯಲ್ಲಿ ಕಣ್ಣಂಚಿನಲ್ಲಿ ಕಂಡಿದ್ದನ್ನು ನೆನೆಯುವಂತೆ ಹುಬ್ಬು ಗಂಟಿಕ್ಕಿದಳು. ಆಮೇಲೆ “ಮರ” ಎಂದಳು. ಪಕ್ಕಕ್ಕೆ ತಿರುಗಿ, ಗೆಳತಿಗೆ ಹೇಳುವವಳ ಹಾಗೆ ಇನ್ನೊಮ್ಮೆ, “ಮರ ಕಣೇ” ಎಂದಳು.

ಅಲ್ಲಿಂದ ಮುಂದೆ ದಿನಕ್ಕಿಷ್ಟರಂತೆ ಕಲಿತಳು. ಪರೀಕ್ಷೆಯ ದಿನ ಹೆಡ್ ಮಾಸ್ತರರು ತೋರಿಸಿದ ಪಟ್ಟಿಗಳನ್ನೆಲ್ಲ ಕಣ್ಣಿಟ್ಟು ನೋಡಿ, ತೊದಲದೆ ಓದಿದಳು. ಬೆಂಚಿನ ತುದಿಗೆ ಯಾಕೆ ಒತ್ತರಿಸಿ ಕೂತಿದ್ದೀಯೆ, ಈಚೆ ಬಾ ಎಂದು ಅವರು ಗದರಿದರು. ಅವಳು ಸರಿಯಲಿಲ್ಲ. ಕಿಟಕಿಯಾಚೆ ನಿಂತಿದ್ದ ಅನಂತಯ್ಯ ಮಗಳನ್ನು ನೋಡುತ್ತಿರಲಿಲ್ಲ. ಅವಳ ಪಕ್ಕದ ತೆರವನ್ನು ನೋಡುತ್ತಿದ್ದ. ಶಾಲೆ ಬಿಡಿಸುವ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ಈಗ ನಾನು ಮುದುಕ. ಸಂಜೆ ದೀಪದ ಬಳಿ ಒಬ್ಬನೇ ಕೂತು ಓದುತ್ತೇನೆ. ಕುರ್ಚಿಯನ್ನು ಗೋಡೆಗೆ ಆನಿಸುವುದಿಲ್ಲ, ಪುಸ್ತಕಕ್ಕೆ ಮೊಣಕೈ ಅಡ್ಡವಿಡುವುದಿಲ್ಲ. ಪುಟದ ಕೊನೆಯ ಸಾಲು ಮುಗಿದ ಮೇಲೂ ಹಾಳೆಯ ಅಂಚನ್ನು ಬೆರಳಲ್ಲಿ ಹಿಡಿದು ತುಸು ಹೊತ್ತು ಕಾಯುತ್ತೇನೆ. ಆಮೇಲೆಯೇ ಮಗುಚುತ್ತೇನೆ.