ಎರಡನೇ ಗಂಟೆ ಹೊಡೆಯುವ ಮೊದಲು

೧

ಎಲ್ಲಿಂದ ಶುರು ಮಾಡಲಿ? ನಾಣ್ಯ ಗಾಳಿಗೆ ಹಾರಿದ ಕ್ಷಣದಿಂದ ಶುರು ಮಾಡಬಹುದು. ಒಳ್ಳೆಯ ಎತ್ತುಗಡೆ. ಆದರೆ ನಾಣ್ಯ ಕಂಡ ಕೂಡಲೇ ನೀವು, ಜಾಣ ಓದುಗರು, “ಓಹೋ, ವಿಧಿ!” ಎಂದು ತಲೆಯಾಡಿಸುತ್ತೀರಿ. ವಿಧಿಯೂ ಇಲ್ಲ, ಮಣ್ಣೂ ಇಲ್ಲ. ಅದು ವಿಶ್ವವಿದ್ಯಾಲಯದ ಡಿಬೇಟಿನ ನಿಯಮ ಅಷ್ಟೇ. ವಿಷಯ ಕೊಡುತ್ತಾರೆ, ನಾಣ್ಯ ಹಾರಿಸುತ್ತಾರೆ, ನಿಮ್ಮ ಪಾಲಿಗೆ ಬಿದ್ದ ಪಕ್ಷವನ್ನು ನೀವು ವಾದಿಸಬೇಕು. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ.

(ಇದನ್ನು ನೆನಪಿಟ್ಟುಕೊಳ್ಳಿ. ಈ ಕಥೆಯಲ್ಲಿ ಇದು ಗೊತ್ತಿಲ್ಲದ ಮನುಷ್ಯರೊಬ್ಬರು ಇದ್ದಾರೆ.)

೧, ಮತ್ತೊಮ್ಮೆ

ಇಲ್ಲ, ಕೋಣೆಯಿಂದ ಶುರು ಮಾಡುತ್ತೇನೆ. ರಸಾಯನಶಾಸ್ತ್ರದ ಕಟ್ಟಡದ ಹಿಂದುಗಡೆ, ಯಾರಿಗೂ ಬೇಡವಾದ ಒಂದು ಕೋಣೆ. ಒಂದು ಕಾಲು ಗಿಡ್ಡವಾದ ಮೇಜು, ಅದರ ಕೆಳಗೆ ಮಡಚಿಟ್ಟ ಹಳೇ ಪ್ರಶ್ನೆಪತ್ರಿಕೆ. ಎಷ್ಟು ಒರೆಸಿದರೂ ಹಳೆಯ ಸಮೀಕರಣಗಳು ಇಣುಕುವ ಕಪ್ಪುಹಲಗೆ. ತಿರುಗುವಾಗ ಟಕ್ ಟಕ್ ಎನ್ನುವ ಫ್ಯಾನು. ಸಂಜೆ ಕ್ಲಾಸು ಮುಗಿದ ಮೇಲೆ ಅಲ್ಲಿ ನಾವು ಲೋಕದ ಸಮಸ್ಯೆಗಳನ್ನೆಲ್ಲ ಪರಿಹರಿಸುತ್ತಿದ್ದೆವು, ಮರುದಿನ ಅದೇ ಸಮಸ್ಯೆಗಳನ್ನು ಎದುರು ಪಕ್ಷದಿಂದ ಪರಿಹರಿಸುತ್ತಿದ್ದೆವು. ಅಷ್ಟು ಸುಖವಾಗಿ ನಾನು ಆಮೇಲೆ ಎಲ್ಲೂ ಇದ್ದಿಲ್ಲ. ಇದನ್ನು ಸುತ್ತಿಬಳಸಿ ಹೇಳುವ ಚಾಳಿ ನನಗಿದೆ, ಈ ಸಲ ನೇರವಾಗಿ ಹೇಳಿಬಿಟ್ಟೆ.

ನನ್ನ ಹೆಸರು ಗಂಟೆ. ಅಂದರೆ ಅಡ್ಡಹೆಸರು. ನನಗೆ ವೇದಿಕೆಯ ಮೇಲೆ ಮಾತು ಬರುತ್ತಿರಲಿಲ್ಲವಾದ್ದರಿಂದ ಸಮಯ ನೋಡುವ ಕೆಲಸ ಕೊಟ್ಟಿದ್ದರು. ಮೇಜಿನ ಮೇಲೆ ಹಿತ್ತಾಳೆಯ ಪುಟ್ಟ ಗಂಟೆ. ಒಂದು ಸಲ ಹೊಡೆದರೆ ಇನ್ನೊಂದು ನಿಮಿಷ ಇದೆ ಎಂದರ್ಥ. ಎರಡನೇ ಸಲ ಹೊಡೆದರೆ ಬಾಯಿ ಮುಚ್ಚಬೇಕು. ಆ ಕೋಣೆಯಲ್ಲಿ ನನಗಿದ್ದ ಅಧಿಕಾರ ಆಮೇಲೆ ಗಂಡನ ಮುಂದೆಯೂ ಸಿಕ್ಕಿಲ್ಲ, ಸಂಪಾದಕರ ಮುಂದೆಯೂ ಸಿಕ್ಕಿಲ್ಲ.

ಇನ್ನಿಬ್ಬರು. ಒಬ್ಬ ಪೀಠಿಕೆ: ಎಷ್ಟು ಹೊತ್ತಾದರೂ ಪೀಠಿಕೆಯಿಂದ ವಿಷಯಕ್ಕೆ ಬಾರದವನು, ಪ್ರಾರ್ಥನಾ ಮಂದಿರದ ಪ್ರವಚನಕಾರರ ಮಗ. ಇನ್ನೊಬ್ಬ ಮಫ್ಲರ್: ಗಂಟಲು ಕೆಟ್ಟರೆ ಗತಿಯೇನು ಎಂದು ಬಿರುಬಿಸಿಲಿನಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದವನು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡಿದ್ದ. ಹಾಸ್ಟೆಲ್ಲಿನ ಊಟ, ಮೂರು ಅಂಗಿ, ದೇವರು ಕೊಟ್ಟ ದನಿ.

೨

ಮೊದಲ ಕರಡಿನಲ್ಲಿ ನಾನು ಮಫ್ಲರ್‌ನನ್ನು ಮದುವೆಯಾಗಿದ್ದೆ. ಚೆನ್ನಾಗಿಯೇ ಬಂದಿತ್ತು. ಆದರೆ ಅವನಿಗೆ ಓದಲು ಕೊಟ್ಟೆ, ಫೋನು ಬಂತು.

“ಏನೇ ಗಂಟೆ ಇದು? ಎರಡು ಮಕ್ಕಳು ಬೇರೆ!”

“ಕಥೆ ಕಣೋ.”

“ಕಥೆ ಅಂತ ಏನು ಬೇಕಾದ್ರೂ ಮಾಡ್ತೀಯಾ? ನಿನ್ನ ಗಂಡ ಓದಿದ್ರೆ?”

“ಅವ್ರು ನನ್ನ ಕಥೆ ಓದಲ್ಲ.”

“ಪುಣ್ಯವಂತ.”

ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ಮಫ್ಲರ್ ಗಂಡಸರನ್ನು ಪ್ರೀತಿಸುವವನು. ನನಗೆ ಇದು ಹೇಗೆ ಗೊತ್ತು ಎಂದರೆ, ಎರಡನೇ ವರ್ಷ ಗ್ರಂಥಾಲಯದ ಮೆಟ್ಟಿಲ ಮೇಲೆ ಧೈರ್ಯ ಮಾಡಿ ಅವನಿಗೆ ನನ್ನ ಮನಸ್ಸು ಹೇಳಿದ್ದೆ. ಅವನು ತನ್ನ ಮನಸ್ಸು ಹೇಳಿದ. ಇಬ್ಬರೂ ಒಂದಿಷ್ಟು ಅತ್ತೆವು, ಆಮೇಲೆ ಕ್ಯಾಂಟೀನಿಗೆ ಹೋಗಿ ಟೀ ಕುಡಿದೆವು. ಟೀ ದುಡ್ಡು ಅವನೇ ಕೊಟ್ಟ. ಅವತ್ತಿನಿಂದ ಆ ಮಾತು ನಮ್ಮಿಬ್ಬರಲ್ಲೇ ಉಳಿಯಿತು.

ಪೀಠಿಕೆಯ ಮನೆಯಲ್ಲಿ ಅದು ಗೊತ್ತಾಗುವಂತಿರಲಿಲ್ಲ. ಆ ಮನೆ ಮಫ್ಲರ್‌ಗೆ ಬೇಕಾಗಿತ್ತು. ರಜೆಯ ದಿನ ಅವನಿಗೆ ಅಲ್ಲೇ ಊಟ. ಪ್ರವಚನಕಾರರ ಹೆಂಡತಿ ಅವನ ಅಂಗಿಯ ಗುಂಡಿ ಹೊಲಿದುಕೊಡುತ್ತಿದ್ದರು. ಪ್ರವಚನಕಾರರು ಊಟದ ಮುಂಚೆ ಪ್ರಾರ್ಥನೆ ಮಾಡುವಾಗ ಮನೆಯವರ ಹೆಸರುಗಳ ಕೊನೆಗೆ ಅವನ ಹೆಸರನ್ನೂ ಸೇರಿಸುತ್ತಿದ್ದರು. ತನ್ನ ಹೆಸರು ಬಂದಾಗ ಮಫ್ಲರ್ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದ. ಆ ಮನೆಯ ಬೆಲ್ ಒತ್ತುವ ಮುಂಚೆ ಅವನು ಮೆಟ್ಟಿಲ ಮೇಲೆ ಕೊಂಚ ನಿಲ್ಲುತ್ತಿದ್ದ. ಕುತ್ತಿಗೆಯ ಮಫ್ಲರ್ ಸರಿಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡು ನಾನೂ ಹಿಂದೆ ನಿಲ್ಲುತ್ತಿದ್ದೆ.

೪

(ಮೂರನೆಯದನ್ನು ಪೀಠಿಕೆ ತೆಗೆಸಿದ. ಈಗ ಅವನು ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. “ನನ್ನನ್ನ ಖಳನಾಯಕ ಮಾಡ್ಬೇಡ. ಅಪ್ಪನನ್ನಂತೂ ಮಾಡ್ಲೇಬೇಡ” ಎಂದ. ಮಾಡಿರಲಿಲ್ಲ. ಆದರೂ ತೆಗೆದೆ, ಹಳೇ ಸ್ನೇಹ.)

ಕೋಣೆಗೆ ಒಂದು ಕಟ್ಟಳೆ ಇತ್ತು. ಯಾರು ತಂದದ್ದೋ ಗೊತ್ತಿಲ್ಲ, ನಾವು ಸೇರುವ ಹೊತ್ತಿಗೇ ಇತ್ತು. ಎದುರಾಳಿಗೆ ಉತ್ತರ ಕೊಡುವ ಮುಂಚೆ ಅವನ ವಾದವನ್ನು ನೀನು ಹೇಳಬೇಕು. ಅಣಕಿಸುವಂತಿಲ್ಲ, ತೂಕ ಇಳಿಸುವಂತಿಲ್ಲ. ಅವನು “ಹೌದು, ಇದೇ ನನ್ನ ಮಾತು” ಎನ್ನುವ ತನಕ ನಿನಗೆ ಬಾಯಿ ತೆರೆಯುವ ಹಕ್ಕಿಲ್ಲ. ಎಷ್ಟೋ ಸಂಜೆ ಆ ‘ಹೌದು’ ಬರುವುದರೊಳಗೆ ಕಾವಲುಗಾರ ಬಂದು ದೀಪ ಆರಿಸುತ್ತಿದ್ದ. ಜಗಳ ಆಡಲು ಬಂದವರು ಜಗಳವೇ ಆಡದೆ ಮನೆಗೆ ಹೋಗುತ್ತಿದ್ದೆವು.

ಕೊನೆಯ ವರ್ಷ ನಮ್ಮವರು ಫೈನಲ್ ತಲುಪಿದರು. ವಿಷಯ: ಸಲಿಂಗ ಪ್ರೇಮವನ್ನು ಸಮಾಜ ಒಪ್ಪಿಕೊಳ್ಳಬೇಕು. ನಾಣ್ಯ ಹಾರಿತು. ನಮ್ಮ ಪಾಲಿಗೆ ವಿರೋಧ ಬಿತ್ತು.

ನಾನು ಮಫ್ಲರ್‌ನ ಮುಖ ನೋಡಿದೆ. ಅವನು ಫ್ಯಾನು ನೋಡುತ್ತಿದ್ದ.

ಪೀಠಿಕೆಗೆ ಮಾತ್ರ ಹಬ್ಬ. ಡಿಬೇಟ್ ಎಂದರೆ ಬಾಯಿಬಡುಕರ ಸಹವಾಸ ಎಂದು ಅಪ್ಪ ಮೂಗು ಮುರಿಯುತ್ತಿದ್ದರು. ಈ ಸಲ ವಿಷಯ ಕೇಳಿ ಅವರ ಕಿವಿ ನೆಟ್ಟಗಾಯಿತು. “ನೀವಾಗೇ ಆ ಪಕ್ಷ ಹಿಡಿದ್ರಾ?” ಎಂದು ಕೇಳಿದರು. ಪೀಠಿಕೆ ಹೂಂ ಎಂದ. ಮೂರು ವರ್ಷ ಅಪ್ಪನ ಬಾಯಿಂದ ಒಂದು ಭೇಷ್ ಕೇಳದ ಮಗ ಇನ್ನೇನು ಹೇಳುತ್ತಾನೆ? ಪ್ರವಚನಕಾರರು ತಾವೇ ಪಾಠಕ್ಕೆ ಕೂತರು. ಸಂಜೆ ಸಂಜೆ ಇಬ್ಬರನ್ನೂ ಮುಂದೆ ಕೂರಿಸಿಕೊಂಡು ಹೇಳಿಕೊಟ್ಟರು. ಪೀಠಿಕೆ ಆಕಳಿಸಿದ. ಮಫ್ಲರ್ ಒಂದೊಂದು ಮಾತಿಗೂ ಪ್ರಶ್ನೆ ಕೇಳಿದ. ಆ ಪ್ರಶ್ನೆಗಳೆಲ್ಲ ಎಲ್ಲಿಂದ ಬರುತ್ತಿವೆ ಎಂದು ಆ ಮನುಷ್ಯರಿಗೆ ಹೇಗೆ ತಿಳಿಯಬೇಕು? “ಎಂಥಾ ಶಿಷ್ಯ!” ಎಂದು ಹೆಂಡತಿಯ ಮುಂದೆ ಕೊಂಡಾಡಿದರು.

ಫೈನಲ್‌ನಲ್ಲಿ ಪ್ರವಚನಕಾರರು ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಕೋಟಿನಲ್ಲಿ. ಮಫ್ಲರ್ ಮಾತಾಡಿದ. ಅವನ ಮಾತನ್ನು ಇಲ್ಲಿ ಬರೆಯಲು ಆರು ಸಲ ಪ್ರಯತ್ನಿಸಿ ಸೋತಿದ್ದೇನೆ. ಒಳಗಿನಿಂದ ಗೊತ್ತಿದ್ದವನು ಮಾತ್ರ ತನ್ನ ವಿರುದ್ಧ ಅಷ್ಟು ಚೆನ್ನಾಗಿ ವಾದಿಸಬಲ್ಲ. ನನ್ನ ಕೈ ಗಂಟೆಯ ಮೇಲಿತ್ತು. ಬೇಗ ಮುಗಿಯಲಿ ಎನ್ನಿಸುತ್ತಿತ್ತು, ಆದರೆ ಸಮಯಕ್ಕೆ ಮುಂಚೆ ಹೊಡೆಯುವ ಹಾಗಿರಲಿಲ್ಲ.

ಕಪ್ ನಮ್ಮದಾಯಿತು.

೫

ಅವತ್ತು ಸಂಜೆ ಪ್ರವಚನಕಾರರ ಮನೆಯಲ್ಲಿ ನಮಗೆಲ್ಲ ಊಟ. ಮೇಜಿನ ನಡುವೆ ಕಪ್. ಪ್ರವಚನಕಾರರು ಎದ್ದು ಬಂದು ಮಫ್ಲರ್‌ನ ತಲೆಯ ಮೇಲೆ ಕೈಯಿಟ್ಟರು.

“ಮುಂದಿನ ಸಭೆಯಲ್ಲಿ ನೀನು ಮಾತಾಡ್ಬೇಕು, ಮಗಾ. ಇದೇ ಮಾತು. ನಮ್ಮ ಹುಡುಗ್ರೆಲ್ಲ ಕೇಳ್ಬೇಕು.”

ಮಫ್ಲರ್ ತಟ್ಟೆ ನೋಡುತ್ತಿದ್ದ. “ಆಗಲ್ಲ” ಎಂದ.

“ಸಂಕೋಚಾನಾ?”

“ಅಲ್ಲ. ಪಕ್ಷ ನಾವು ಆರಿಸ್ಕೊಳ್ಳಲ್ಲ. ನಾಣ್ಯ ಹಾರಿಸ್ತಾರೆ. ಆ ಕಡೆ ಬಿದ್ದಿದ್ರೆ ಆ ಕಡೆ ಮಾತಾಡ್ತಿದ್ದೆ.”

ಪ್ರವಚನಕಾರರು ಮಗನ ಕಡೆ ನೋಡಿದರು. ಮಗ ನೀರಿನ ಲೋಟ ನೋಡಿದ. ಮಾತನ್ನು ಹೊಟ್ಟೆಪಾಡಾಗಿ ಅಲ್ಲ, ಪ್ರಮಾಣವಾಗಿ ಬಳಸಿದ ಮನುಷ್ಯ ಅವರು. ಅವರ ಮುಖ ಸಣ್ಣದಾಯಿತು.

“ಹಾಗಾದ್ರೆ ನಿನ್ನ ಪಕ್ಷ ಯಾವುದು?”

(ಇಲ್ಲಿ ನಾನು ಕಥೆ ನಿಲ್ಲಿಸಿ ಮಫ್ಲರ್‌ಗೆ ಹೇಳಿದೆ: “ಏನಾದ್ರೂ ತೇಲಿಸಿಬಿಡೋ. ಗಂಟಲು ನೋವು ಅನ್ನು. ಆ ಮನೆ ಉಳಿಯತ್ತೆ.” ಅವನು ಕರಡಿನೊಳಗಿಂದ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದ. ಪಾತ್ರಗಳಿಗೆ ಬುದ್ಧಿ ಹೇಳಲು ಹೋಗಬಾರದು.)

“ಮೊದಲು ನಿಮ್ಮದು ಹೇಳ್ತೀನಿ” ಎಂದ ಮಫ್ಲರ್. “ತಪ್ಪಿದ್ರೆ ತಿದ್ದಿ. ಮನುಷ್ಯನ ಆಸೆಗಿಂತ ದೊಡ್ಡದು ಒಂದಿದೆ. ಅದು ನಿಮ್ಮ ಕೈಗೆ ಬಂದಿದ್ದು, ನಿಮ್ಮ ಸ್ವತ್ತಲ್ಲ. ಅದನ್ನ ತಿದ್ದೋ ಅಧಿಕಾರ ನಿಮಗಿಲ್ಲ. ನೀವು ಯಾರನ್ನೂ ದ್ವೇಷಿಸಲ್ಲ. ಆದ್ರೆ ಒಂದು ಎಳೆ ಬಿಚ್ಚಿದ್ರೆ ನಿಮ್ಮಪ್ಪ, ನಿಮ್ಮಜ್ಜ ಕಷ್ಟಪಟ್ಟು ಬಾಳಿದ ಬಾಳೆಲ್ಲ ಬಿಚ್ಚಿಹೋಗತ್ತೆ ಅಂತ ನಿಮಗೆ ಭಯ.”

ಪ್ರವಚನಕಾರರು ಕುರ್ಚಿ ಹಿಡಿದುಕೊಂಡರು. “ಭಯ ಅನ್ನೋ ಮಾತು ನಾನು ಆಡಿರಲಿಲ್ಲ” ಎಂದರು. ಆಮೇಲೆ, “ಆದ್ರೆ ಹೌದು. ಇದೇ ನನ್ನ ಮಾತು.”

“ಈಗ ನನ್ನದು ನೀವು ಹೇಳಿ. ನಾನು ಹುಡುಗರನ್ನ ಪ್ರೀತಿಸೋನು. ನನ್ನ ಮಾತು ಏನಿರಬಹುದು, ನೀವೇ ಹೇಳಿ.”

ಒಳಗೆ ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

“ಅವರವರ ಇಷ್ಟ ಅವರವರಿಗೆ, ಅಂತ” ಎಂದರು ಪ್ರವಚನಕಾರರು.

“ಅಲ್ಲ.”

“ಕಾಲ ಬದಲಾಗಿದೆ, ಅಂತ.”

“ಅಲ್ಲ.”

“ನಾವೆಲ್ಲ ಕಲ್ಲು ಮನಸ್ಸಿನವರು, ಅಂತ!”

“ಅಲ್ಲ” ಎಂದ ಮಫ್ಲರ್. ಅವನ ಕಣ್ಣಲ್ಲಿ ನೀರಿತ್ತು. “ಹಾಗಂದ್ಕೊಂಡಿದ್ರೆ ಈ ಮನೆಗೆ ಬರ್ತಿದ್ನಾ?”

೬: ಮುಕ್ತಾಯಗಳ ಮಳಿಗೆ, ಬೇಕಾದ್ದು ಆರಿಸಿಕೊಳ್ಳಿ

ಒಂದು: ಪ್ರವಚನಕಾರರು ಅವನನ್ನು ಅಪ್ಪಿಕೊಂಡರು. (ಬರೆದು ನೋಡಿದೆ. ಹಿಂದೆ ಪಿಟೀಲು ಕೇಳಿಸಿತು. ಹರಿದೆ.)

ಎರಡು: ಮಫ್ಲರ್ ಸತ್ತ. ಇದಕ್ಕೆ ಅವನ ತಕರಾರು ಹೀಗಿತ್ತು: “ಯಾಕೇ ನಮ್ಮಂಥೋರನ್ನ ಕಂಡ್ರೆ ಕಥೆಗಾರರಿಗೆ ಅಷ್ಟು ಅವಸರ? ಒಂದೋ ಸಾಯಿಸ್ತೀರಿ, ಇಲ್ಲ ವಿಮಾನ ಹತ್ತಿಸ್ತೀರಿ. ನಾನು ನಿನ್ನ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ ಇದೀನಿ. ತರಕಾರಿ ತರ್ತೀನಿ, ಬಾಡಿಗೆ ಕಟ್ತೀನಿ, ನನ್ನ ಹುಡುಗನ ಹತ್ರ ಬೈಸ್ಕೋತೀನಿ.”

ಮೂರು: ಅವನು ಆ ಕುರ್ಚಿಯ ಮೇಲೆ ತನ್ನ ಮಫ್ಲರ್ ಮರೆತುಬಂದ. ಪ್ರವಚನಕಾರರು ಅದನ್ನು ಜೋಪಾನವಾಗಿ ಇಟ್ಟುಕೊಂಡರು. (“ಮಫ್ಲರ್ ಮರೆಯೋದಾ? ನಾನಾ?”)

ನಡೆದದ್ದು ಇಷ್ಟು. ಪ್ರವಚನಕಾರರು ದನಿ ಏರಿಸದೆ, “ಊಟ ಮುಗಿಸಿ ಹೋಗು. ಇನ್ನು ಬರಬೇಡ” ಎಂದರು. ಮಫ್ಲರ್ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡ. ಒಂದು ಅಗುಳೂ ಬಿಡಲಿಲ್ಲ.

ಪೀಠಿಕೆ ಅವನ ಜೊತೆ ಗೇಟಿನ ತನಕ ಹೋದ. ಏನೋ ಹೇಳಲು ಶುರು ಮಾಡಿದ, ಯಥಾಪ್ರಕಾರ ವಿಷಯಕ್ಕೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಮೊನ್ನೆ ಕೇಳಿದೆ. “ನಾನು ಒಪ್ಪಲ್ಲ. ಆದ್ರೆ ನನ್ನ ಮದುವೇಲಿ ನನ್ನ ಪಕ್ಕ ನಿಂತಿದ್ದು ಅವನೇ. ಅಪ್ಪ ಬೇಡ ಅಂದ್ರೂ ಕರೆದೆ. ಇದರ ಮೇಲೆ ಕೇಳ್ಬೇಡ” ಎಂದ. ಕೇಳಲಿಲ್ಲ.

೭

ಮಫ್ಲರ್‌ಗೆ ಈಗ ಒಂದು ಪುಟ್ಟ ಅಂಗಡಿಯಿದೆ. ಕಿವಿ ಮಂದವಾದವರಿಗೆ ಯಂತ್ರ ಕೂರಿಸಿ, ಹದ ಮಾಡಿಕೊಡುತ್ತಾನೆ. (ಹೌದು, ಮಾತಿನ ಕಥೆಯ ಕೊನೆಗೆ ಕಿವಿಯ ಅಂಗಡಿ. ತೀರಾ ಹೊಂದಿಕೊಂಡುಬಿಟ್ಟಿತು ಎಂದು ನನಗೂ ಮುಜುಗರ. ಅವನಿಗೆ ಬೇಕರಿ ಇಟ್ಟುಕೊಡೋಣ ಎಂದು ನೋಡಿದೆ. “ಇಷ್ಟು ವರ್ಷ ಓದಿದ್ದು ಬನ್ ಸುಡೋಕಾ?” ಎಂದ.)

ಅಲ್ಲಿಗೆ ಒಂದು ದಿನ ಪ್ರವಚನಕಾರರು ಬಂದರು. ತಲೆ ನೆರೆತಿತ್ತು, ಹೆಂಡತಿ ತೀರಿಕೊಂಡಿದ್ದರು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಅವನ ಹೆಸರಿತ್ತು, ಗೊತ್ತಿಲ್ಲದೆ ಬಂದವರಲ್ಲ. ಮಫ್ಲರ್ ಯಂತ್ರ ಕೂರಿಸಿದ. “ಕೇಳಿಸ್ತಿದೆಯಾ?” ಎಂದ.

“ಕೇಳಿಸ್ತಿದೆ” ಎಂದರು ಅವರು. ಎದ್ದು ಬಾಗಿಲ ತನಕ ಹೋಗಿ ತಿರುಗಿ ನಿಂತರು. “‘ನಾನು ಹುಟ್ಟಿದ್ದೇ ಹೀಗೆ, ಆರಿಸಿಕೊಂಡಿದ್ದಲ್ಲ.’ ಇದಾ ನಿನ್ನ ಮಾತು?”

ಮಫ್ಲರ್‌ಗೆ ಒಂದು ಕ್ಷಣ ಏನೂ ತಿಳಿಯಲಿಲ್ಲವಂತೆ. ಆಮೇಲೆ, ಆ ಊಟದ ದಿನ ತಾನು ಕೇಳಿದ್ದಕ್ಕೆ ಇದು ಉತ್ತರ ಎಂದು ತಿಳಿಯಿತಂತೆ. “ನಿಜ. ಆದ್ರೆ ಅದಲ್ಲ” ಎಂದನಂತೆ.

ಅಲ್ಲಿಂದ ಶುರುವಾಯಿತು. ಬ್ಯಾಟರಿ ಮುಗಿಯಿತು ಎಂದು ಬರುತ್ತಾರೆ, ಗುಂಯ್ ಅನ್ನುತ್ತದೆ ಎಂದು ಬರುತ್ತಾರೆ. ಬಂದಾಗಲೆಲ್ಲ ಒಂದು ಹೊಸ ವಾಕ್ಯ. ಇದಾ? ಅಲ್ಲ. ಇದಾ? ಹತ್ತಿರ, ಆದ್ರೆ ಅಲ್ಲ. “ನಾನು ಒಪ್ಪಿದೀನಿ ಅಂತ ತಿಳ್ಕೋಬೇಡ” ಎಂದು ಪ್ರತಿ ಸಲವೂ ಸೇರಿಸುತ್ತಾರೆ. ಅವರು ಒಪ್ಪಿಲ್ಲ. ಪ್ರಾರ್ಥನಾ ಮಂದಿರದಲ್ಲಿ ಕೇಳಿದರೆ ಇವತ್ತಿಗೂ ಹಳೆಯದನ್ನೇ ಹೇಳುತ್ತಾರೆ. ನಮ್ಮ ಕೋಣೆಯ ಕಟ್ಟಳೆಯನ್ನು ನಮ್ಮಲ್ಲಿ ಯಾರೂ ಆ ಮುದುಕರಷ್ಟು ಪಾಲಿಸಿಲ್ಲ.

೮

ಕಳೆದ ವಾರ ಈ ಕರಡು ತೋರಿಸಲು ಅಂಗಡಿಗೆ ಹೋಗಿದ್ದೆ. ಪ್ರವಚನಕಾರರು ಬಂದರು. ನನ್ನನ್ನು ಕಂಡು, “ಗಂಟೆ ಅಲ್ವಾ?” ಎಂದು ನಕ್ಕರು. ಕುರ್ಚಿಯಲ್ಲಿ ಕೂತರು. ಮಫ್ಲರ್ ಅವರ ಕಿವಿಯ ಹತ್ತಿರ ಬಗ್ಗಿದ್ದ, ಕೈಯಲ್ಲಿ ಚಿಕ್ಕ ಬ್ರಷ್ಷು.

“ನೀನು ನಮ್ಮನೆಗೆ ಬರ್ತಿದ್ಯಲ್ಲ” ಎಂದರು ಅವರು. “ಬೆಲ್ ಒತ್ತೋ ಮುಂಚೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಲ್ತಿದ್ದೆ. ನಾನು ಕಿಟಕಿಯಿಂದ ನೋಡ್ತಿದ್ದೆ. ಹುಡುಗ ದಣಿದಿದಾನೆ, ಸುಧಾರಿಸ್ಕೋತಾನೆ ಅಂದ್ಕೋತಿದ್ದೆ. ಈಗ ನಾನೊಬ್ನೇ ಆ ಕಿಟಕೀಲಿ ಕೂತ್ಕೋತೀನಲ್ಲ, ಯೋಚನೆ ಬಂತು. ನೀನು ನಿನ್ನಲ್ಲಿ ಅರ್ಧ ಭಾಗಾನ ಮೆಟ್ಟಿಲ ಮೇಲೆ ಬಿಟ್ಟು, ಉಳಿದಿದ್ದನ್ನ ಒಳಗೆ ತರ್ತಿದ್ದೆ. ಪ್ರಾರ್ಥನೇಲಿ ನಾನು ಹೆಸರು ಹೇಳ್ತಿದ್ದಿದ್ದು ಆ ಅರ್ಧಕ್ಕೆ. ‘ನನ್ನನ್ನ ಪೂರ್ತಿ ಒಳಗೆ ಬರೋಕೆ ಬಿಡಿ.’ ನಿನ್ನ ಮಾತು ಇದೇನಾ?”

ಮಫ್ಲರ್ ಬ್ರಷ್ಷನ್ನು ಮೇಜಿನ ಮೇಲಿಟ್ಟ.

ಅವನು ಏನೆಂದ ಎಂದು ನನಗೆ ಗೊತ್ತು, ಅಲ್ಲೇ ಇದ್ದೆ. ಒಂದು ಕರಡಿನಲ್ಲಿ ಬರೆದೂ ಇದ್ದೇನೆ. ಪೀಠಿಕೆ ಓದಿದರೆ, “ಅಡ್ಡಗೋಡೆ ಮೇಲೆ ದೀಪ ಇಡ್ಬೇಡ, ಏನಾಯ್ತು ಹೇಳಿಬಿಡು” ಎನ್ನುತ್ತಾನೆ. ಅವನಿಗೆ ಹೇಳುವುದಿಲ್ಲ. ಅವನಪ್ಪ ಎರಡು ಬಸ್ ಬದಲಾಯಿಸಿಕೊಂಡು, ಕೋಲೂರಿಕೊಂಡು, ತಾವೇ ಬಂದು ಕೇಳಿದ್ದು ಅದು. ಬೇಕಾದರೆ ಅವನೂ ಬಂದು ಆ ಕುರ್ಚಿಯಲ್ಲಿ ಕೂತು ಕೇಳಲಿ, ಅಂಗಡಿ ಸಂಜೆಯ ತನಕ ತೆರೆದಿರುತ್ತದೆ.

ಆ ಹಿತ್ತಾಳೆಯ ಗಂಟೆ ಈಗ ನನ್ನ ಬರೆಯುವ ಮೇಜಿನ ಮೇಲಿದೆ. ಕೋಣೆ ಕೆಡವುವಾಗ ಯಾರನ್ನೂ ಕೇಳದೆ ತಂದಿಟ್ಟುಕೊಂಡೆ. ಈಗಷ್ಟೇ ಒಂದು ಸಲ ಹೊಡೆದಿದ್ದೇನೆ. ಮುದುಕರು ಕುರ್ಚಿಯ ಅಂಚಿಗೆ ಸರಿದಿದ್ದಾರೆ, ಯಂತ್ರ ಕೂರಿಸಿದ ಕಿವಿಯನ್ನು ಅವನ ಕಡೆ ತಿರುಗಿಸಿದ್ದಾರೆ. ಮಫ್ಲರ್ ಬಾಯಿ ತೆರೆಯುತ್ತಿದ್ದಾನೆ. ಅವರಿಗೆ ಇನ್ನೊಂದು ನಿಮಿಷ ಇದೆ, ಮತ್ತು ನಾನು ಗಂಟೆಯಿಂದ ಕೈ ತೆಗೆದಿದ್ದೇನೆ.