ಹಳಿ ದಾಟುವ ಮುಂಚೆ

ಮಾರ್ಲಿಸ್ ಸ್ಕೋಗನ್‌ಳ ಬಲಗಾಲು ಅವಳ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ರೈಲು ಹಳಿ ಕಂಡರೆ ಸಾಕು, ಅದು ತಾನೇ ಹೋಗಿ ಬ್ರೇಕಿನ ಮೇಲೆ ಕೂತುಬಿಡುತ್ತಿತ್ತು. ಅವಳು ಓಡಿಸುವ ಸ್ಕೂಲ್ ಬಸ್ಸಿನಲ್ಲಾದರೆ ಸರಿ, ಅದು ಕಾನೂನು. ಹಳಿ ಇನ್ನೂ ಮುಂದಿರುವಾಗಲೇ ಬಸ್ಸು ನಿಲ್ಲಿಸಬೇಕು, ಬಾಗಿಲು ತೆಗೆಯಬೇಕು, ತನ್ನ ಪಕ್ಕದ ಕಿಟಕಿ ತೆಗೆಯಬೇಕು, ಎರಡೂ ಕಡೆ ನೋಡಿ, ಕಿವಿಗೊಟ್ಟು ಕೇಳಿ, ಆಮೇಲೆ ದಾಟಬೇಕು. ಆದರೆ ಈ ಹೆಂಗಸು ಸ್ವಂತ ಕಾರಿನಲ್ಲಿ ದಿನಸಿ ತರಲು ಹೋಗುವಾಗಲೂ ಹಾಗೇ ಮಾಡುತ್ತಿದ್ದಳು. ಹಿಂದಿನ ಗಾಡಿಯವರು ಹಾರನ್ ಹೊಡೆಯಲು ಹೋಗಿ, ಓ ಮಾರ್ಲಿಸ್ಸಾ ಎಂದುಕೊಂಡು ಕೈ ಹಿಂತೆಗೆಯುತ್ತಿದ್ದರು.

ಅವಳ ಗಂಡ ವರ್ನ್ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಾ ಹೇಳುತ್ತಿದ್ದ ಕಥೆ ಲಿಂಡಾಲ್ ಊರಿಗೆಲ್ಲ ಬಾಯಿಪಾಠ. ಮಗಳು ಹುಟ್ಟಿದ ದಿನ ಅದು, ಜನವರಿಯ ಕೊರೆಯುವ ಚಳಿ. ಅವನು ಪಿಕಪ್ ಓಡಿಸುತ್ತಿದ್ದಾನೆ, ಇವಳು ಪಕ್ಕದಲ್ಲಿ ನೋವಿಗೆ ಹಲ್ಲು ಕಚ್ಚಿ ಕೂತಿದ್ದಾಳೆ. ಹಳಿಯ ಹತ್ತಿರ ಬರುತ್ತಲೇ ನಿಲ್ಲಿಸು ಎಂದು ಅವನ ತೋಳು ಹಿಡಿದಳಂತೆ. ಮಗು ಇಲ್ಲೇ ರಸ್ತೆಯಲ್ಲೇ ಬಂದುಬಿಡುತ್ತದೆ ಎಂದು ವರ್ನ್‌ನ ಎದೆ ಧಸಕ್ಕೆಂದಿತು. ನಿಲ್ಲಿಸಿದ. ಮಹಾರಾಯ್ತಿ ಹೇಳಿದ್ದು, ಕಿಟಕಿ ಇಳಿಸಿ ರೈಲು ಬರುತ್ತಿದೆಯಾ ಕೇಳಿಸಿಕೋ ಅಂತ. ಕಥೆ ಇಲ್ಲಿಗೆ ಬಂದಾಗ ಎಲ್ಲರೂ ನಗುತ್ತಿದ್ದರು. ರೈಲು ಬಂದಿದ್ದರೆ ಏನು ಮಾಡ್ತಿದ್ದೆ ಎಂದು ಮಾರ್ಲಿಸ್ ಪ್ರತಿ ಸಲವೂ ಅಷ್ಟೇ ಗಂಭೀರವಾಗಿ ಕೇಳುತ್ತಿದ್ದಳು.

ಆ ಹಳಿ ಇದ್ದದ್ದು ಊರಿನ ಪಡುವಣಕ್ಕೆ, ಎತ್ತರದ ಧಾನ್ಯದ ಗೋದಾಮಿನ ಆಚೆ. ಅಲ್ಲಿಂದ ಮುಂದೆ ನೆಲವೆಂದರೆ ರೊಟ್ಟಿ ಲಟ್ಟಿಸಿದಂಥ ನೆಲ, ದಿಣ್ಣೆಯಿಲ್ಲ, ಮರವಿಲ್ಲ, ಬರೀ ಗೋಧಿ ಮತ್ತು ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಹೊಲ. ಹಳಿಗೆ ಗೇಟಿರಲಿಲ್ಲ, ಗಂಟೆಯಿರಲಿಲ್ಲ. ಎರಡು ಬಿಳಿ ಪಟ್ಟಿಗಳನ್ನು ಅಡ್ಡಡ್ಡ ಬಡಿದ ಫಲಕವೊಂದು ಕಂಬದ ಮೇಲೆ ನಿಂತಿತ್ತು, ಅಷ್ಟೇ. ಆಗೆಲ್ಲ ಗೋಧಿ ಸುಗ್ಗಿ ಬಂತೆಂದರೆ ರೈಲು ಬೆಳಗಿನ ಹೊತ್ತಿಗೇ ಸಿಗುತ್ತಿತ್ತು. ಬಸ್ಸು ನಿಂತಿರುತ್ತಿತ್ತು, ರೈಲು ಮುಗಿಯುತ್ತಲೇ ಇರಲಿಲ್ಲ. ಮಕ್ಕಳು ಕಿಟಕಿಗೆ ಮೂಗು ಒತ್ತಿ ಡಬ್ಬಿ ಎಣಿಸಿ, ಲೆಕ್ಕ ಸೇರದೆ ಸಂಜೆಯವರೆಗೂ ಜಗಳವಾಡುತ್ತಿದ್ದರು. ರೈಲಿನ ಡ್ರೈವರ್ ಒಬ್ಬ ಕೆಂಪು ಮುಖದ ಮನುಷ್ಯ, ಅವನ ಹೆಸರು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ. ಹಳದಿ ಬಸ್ಸು ಕಂಡರೆ ಅವನು ಮಕ್ಕಳಿಗೆಂದೇ ಕೊನೆಯಲ್ಲಿ ಒಂದು ಪುಟ್ಟ ಕೂಗು ಹಾಕುತ್ತಿದ್ದ, ಮಾರ್ಲಿಸ್‌ಗೆ ಟೋಪಿ ಎತ್ತುತ್ತಿದ್ದ. ಅಂಥ ದಿನಗಳು ಹೋಗುವಾಗ ಯಾರಿಗಾದರೂ ಹೇಳಿ ಹೋಗುತ್ತವೆಯೇ!

ಸುಗ್ಗಿ ಬಿಟ್ಟರೆ ರೈಲು ಸಿಕ್ಕುತ್ತಿದ್ದದ್ದು ಅಪರೂಪಕ್ಕೆ. ಮಿಕ್ಕ ದಿನಗಳಲ್ಲಿ ಸಿಕ್ಕುತ್ತಿದ್ದದ್ದು ಮೌನ, ಮತ್ತು ಮಾರ್ಲಿಸ್‌ಗೆ ಬೇಕಾಗಿದ್ದದ್ದು ಅದೇ. ಸ್ಕೂಲ್ ಬಸ್ಸಿನ ಗಲಾಟೆ ಎಂಥದ್ದೆಂದು ಹೇಳುವುದು ಬೇಡ, ಕಿವಿಯಲ್ಲಿ ರಕ್ತ ಬರುವುದೊಂದು ಬಾಕಿ. ಅವಳು ಯಾವತ್ತೂ ಗದರಿದವಳಲ್ಲ. ಶಾಲೆ ಶುರುವಾದ ಮೊದಲ ವಾರ ಹೊಸ ಮಕ್ಕಳಿಗೆ, "ಹಳಿ ಬಂತು. ಕಿವಿ ತೆರೀರಿ, ಬಾಯಿ ಮುಚ್ಚಿ" ಎನ್ನುತ್ತಿದ್ದಳು. ಆಮೇಲೆ ಅದೂ ಬೇಕಿರಲಿಲ್ಲ. ಬಸ್ಸು ನಿಲ್ಲುತ್ತಿದೆ ಎಂದು ಹಿಂದಿನವರಿಗೆ ತೋರಿಸುವ ಮಿನುಗು ದೀಪದ ಗುಂಡಿ ಟಿಕ್ ಟಿಕ್ ಎಂದದ್ದೇ ತಡ, ದೊಡ್ಡವರು ಚಿಕ್ಕವರನ್ನು ಮೊಣಕೈಯಲ್ಲಿ ತಿವಿದು, ಇಡೀ ಬಸ್ಸು ತುಟಿ ಪಿಟಕ್ಕೆನ್ನದೆ ಕೂತುಬಿಡುತ್ತಿತ್ತು. ಬಾಗಿಲು ತೆರೆದರೆ ಹೊರಗಿನಿಂದ ಹಸಿ ಮಣ್ಣಿನ ವಾಸನೆ, ತಂತಿಯ ಗುಂಯ್ ಸದ್ದು, ವಸಂತದಲ್ಲಾದರೆ ಬೇಲಿ ಗೂಟದ ಮೇಲೆ ಕೂತ ಹಕ್ಕಿಯ ಹಾಡು. ಒಳಗಿನಿಂದ ಕೇಳುವುದೇ ಬೇರೆ. ಬೆಳಿಗ್ಗೆ ಏನೂ ತಿನ್ನದೆ ಬಂದವನ ಹೊಟ್ಟೆ ಗುರುಗುಟ್ಟುವುದು ಅವಳಿಗೆ ಕೇಳಿಸುತ್ತಿತ್ತು. ಒಂದು ಸಲ ಹಿಂದಿನ ಸೀಟಿನಲ್ಲಿ ಯಾರದೋ ಉಸಿರು ಸಿಳ್ಳೆ ಹಾಕುವುದು ಕೇಳಿಸಿ, ಬಸ್ಸನ್ನು ಶಾಲೆಗೆ ಒಯ್ಯದೆ ನೇರ ಆಸ್ಪತ್ರೆಗೆ ಒಯ್ದಿದ್ದಳು. ಇನ್ನೊಂದು ಸಲ ಯಾವುದೋ ಹುಡುಗಿ ಕೋಟಿನೊಳಗೆ ಮುಖ ಹುದುಗಿಸಿ ಬಿಕ್ಕುತ್ತಿದ್ದಳು. ಅವಳ ತಾಯಿ ಮನೆ ಬಿಟ್ಟು ಫಾರ್ಗೋ ಪಟ್ಟಣಕ್ಕೆ ಹೋಗಿದ್ದು ಊರಿಗೆ ತಿಳಿಯುವ ಮುಂಚೆ ಮಾರ್ಲಿಸ್‌ಗೆ ತಿಳಿದದ್ದು ಹೀಗೆ. ಆ ಚಳಿಗಾಲ ಪೂರ್ತಿ ಹುಡುಗಿಯನ್ನು ತನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡಳು.

ಕಾಲ ಸರಿಯಿತು. ಧಾನ್ಯವೆಲ್ಲ ಲಾರಿಗೆ ಬಿತ್ತು, ರೈಲಿನವರು ಆ ಕವಲು ದಾರಿಯನ್ನು ಕೈಬಿಟ್ಟರು. ಹಳಿಗೆ ತುಕ್ಕು ಹಿಡಿದು, ಮರದ ದಿಮ್ಮಿಗಳ ನಡುವೆ ಹುಲ್ಲು ಸೊಂಟದೆತ್ತರ ಬೆಳೆಯಿತು. ಫಲಕ ಇರುವ ತನಕ ಕಾನೂನು ಇರುತ್ತದೆ, ಮಾರ್ಲಿಸ್ ನಿಲ್ಲಿಸುತ್ತಲೇ ಇದ್ದಳು. ಕೊನೆಗೆ ಈ ಬೇಸಿಗೆಯಲ್ಲಿ ಯಾರೋ ಬಂದು ಅಡ್ಡಪಟ್ಟಿಯ ಕೆಳಗೆ ಇನ್ನೊಂದು ಪುಟ್ಟ ಫಲಕ ಬಡಿದು ಹೋದರು. ವಿನಾಯಿತಿ ಎಂದು ಒಂದೇ ಪದ. ಅಂದರೆ ಇಲ್ಲಿ ಸ್ಕೂಲ್ ಬಸ್ಸುಗಳು ನಿಲ್ಲಬೇಕಾಗಿಲ್ಲ. ಶಾಲೆ ಶುರುವಾಗುವ ಹಿಂದಿನ ದಿನ ಬಸ್ಸುಗಳ ಮೇಲ್ವಿಚಾರಕ ಕರ್ಟಿಸ್ ಹಾಗನ್ ಎಲ್ಲ ಡ್ರೈವರುಗಳನ್ನೂ ಕರೆದು, ಇನ್ನು ಮೇಲೆ ಅಲ್ಲಿ ನಿಲ್ಲಿಸಬೇಡಿ, ಸುಮ್ಮನೆ ನಿಂತರೆ ಹಿಂದಿನಿಂದ ಬರುವವರಿಗೆ ಅಪಾಯ ಎಂದು ಹೇಳಿದ. ಮಾರ್ಲಿಸ್ ಎಲ್ಲರಿಗಿಂತ ಮೊದಲು ತಲೆಯಾಡಿಸಿದಳು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

ಅಕ್ಟೋಬರ್ ಬಂತು. ಗೆಡ್ಡೆ ಕೀಳುವ ಕಾಲದಲ್ಲಿ ಆ ಸೀಮೆಯ ರಸ್ತೆಗಳಲ್ಲಿ ಲಾರಿಗಳದೇ ದರ್ಬಾರು, ಹಗಲೂ ಇಲ್ಲ ರಾತ್ರಿಯೂ ಇಲ್ಲ. ಊರಿನ ಡ್ರೈವರುಗಳಿಗೆ ಮಾರ್ಲಿಸ್‌ಳ ಚಾಳಿ ಗೊತ್ತಿತ್ತು. ಒಂದು ಮಂಜಿನ ಬೆಳಿಗ್ಗೆ ಅವಳ ಹಿಂದೆ ಬಂದವನು ಹೊರಗಿನಿಂದ ಸುಗ್ಗಿ ಕೆಲಸಕ್ಕೆ ಬಂದ ಹುಡುಗ. ಮುಂದೆ ಬಸ್ಸು ನಿಂತಿದ್ದು ಕಂಡು ಬ್ರೇಕ್ ಒತ್ತಿದ, ಲಾರಿ ಜಾರಿತು, ಸ್ಟಿಯರಿಂಗ್ ತಿರುಗಿಸಿ ಚರಂಡಿಗಿಳಿಸಿದ. ಅವನಿಗೇನೂ ಆಗಲಿಲ್ಲ, ಬಸ್ಸಿಗೂ ಏನೂ ತಾಗಲಿಲ್ಲ. ಗೆಡ್ಡೆಗಳು ಮಾತ್ರ ರಸ್ತೆ ತುಂಬ ಉರುಳಿಕೊಂಡು ಬಂದವು. ಮಕ್ಕಳಿಗೆ ಹಬ್ಬವೋ ಹಬ್ಬ, ಚಪ್ಪಾಳೆ ತಟ್ಟಿದರು. ಮಾರ್ಲಿಸ್ ಇಳಿದು ಹೋಗಿ ನೋಡಿದಳು. ಬಸ್ಸಿನ ಹಿಂದಿನ ಚಕ್ರಕ್ಕೆ ಬಂದು ಆತುಕೊಂಡಿದ್ದ ಗೆಡ್ಡೆ ಒಂದು ಮಗುವಿನ ತಲೆಯಷ್ಟೇ ದೊಡ್ಡದಿತ್ತು.

ಶುಕ್ರವಾರ ಸಂಜೆ ಕರ್ಟಿಸ್ ಅವಳ ಅಡಿಗೆಮನೆಗೆ ಬಂದ. ಚಿಕ್ಕವನಿದ್ದಾಗ ಅವಳ ಬಸ್ಸಿನಲ್ಲೇ ಶಾಲೆಗೆ ಹೋದವನು, ಈಗ ತಲೆಯಲ್ಲಿ ಕೂದಲು ಹುಡುಕಬೇಕು. ಕಾಫಿ ಕುಡಿದ, ಅವಳು ಮಾಡಿದ್ದ ನಿಂಬೆಯ ಸಿಹಿ ಬಿಲ್ಲೆ ತಿಂದ, ಹವೆಯ ಬಗ್ಗೆ ಮಾತಾಡಿದ, ಇನ್ನೊಂದು ಬಿಲ್ಲೆ ತಿಂದ. ಅಲ್ಲಿಯ ಜನಕ್ಕೆ ಕೆಟ್ಟ ಸುದ್ದಿ ಹೇಳಲು ಇಷ್ಟೆಲ್ಲ ಆಗಬೇಕು.

"ಸೋಮವಾರ ನಿಮ್ಮ ಬಸ್ಸಲ್ಲಿ ಬರ್ತೀನಿ, ಮಾರ್ಲಿಸ್," ಎಂದ ಕೊನೆಗೆ. "ನೀವು ಅಲ್ಲಿ ನಿಲ್ಲಿಸಿದ್ರೆ ಬಸ್ಸು ಬೇರೆಯವರಿಗೆ ಕೊಡಬೇಕಾಗುತ್ತೆ. ನನಗೆ ಬೇರೆ ದಾರಿ ಇಲ್ಲ."

"ಗೊತ್ತು ಕಣೋ. ನಿನ್ನ ಜಾಗದಲ್ಲಿ ನಾನಿದ್ರೆ ಅವತ್ತೇ ಕೀಲಿ ಕಿತ್ಕೊಳ್ತಿದ್ದೆ."

"ಮತ್ತೆ ಯಾಕೆ ನಿಲ್ಲಿಸ್ತೀರಿ? ರೈಲು ಬರಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ರೈಲಿಗಲ್ಲ," ಎಂದಳು ಮಾರ್ಲಿಸ್. "ದಿನಕ್ಕೆ ಒಂದೇ ಒಂದು ಸಲ ಆ ಮಕ್ಕಳು ನನಗೆ ಕೇಳಿಸ್ತವೆ. ಅದೂ ಹೋದ್ರೆ ನಾನು ಬರೀ ಸ್ಟಿಯರಿಂಗ್ ತಿರುಗಿಸೋಳು."

ಪಾಪ, ಕರ್ಟಿಸ್ ಹೇಳಿದ್ದು ಸರಿಯೇ ಆಗಿತ್ತು, ಅದೇ ಎಲ್ಲರ ಕಷ್ಟ. ಯಾರನ್ನು ಬೈಯುವುದು?

ಭಾನುವಾರ ಪ್ರಾರ್ಥನೆ ಮುಗಿಸಿ ಬಂದವನೇ ವರ್ನ್ ಪಿಕಪ್ಪಿನ ಕೀಲಿ ಅವಳ ಕೈಗಿಟ್ಟು, ನಡಿ, ನಿನ್ನ ಕಾಲಿಗೆ ಪಾಠ ಹೇಳೋಣ ಎಂದ. ಎದುರು ಹಿಂದೆ ಯಾರೂ ಇಲ್ಲದ ಹೊತ್ತು ನೋಡಿ ಹಳಿಯತ್ತ ಹೊರಟರು. ಮೊದಲ ಸಲ ಪಿಕಪ್ ನಿಂತಿತು. ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ವರ್ನ್ ಅವಳ ಗಮನ ತಪ್ಪಿಸಲೆಂದು ತನ್ನ ಅಕ್ಕನ ಅಡಿಗೆ ಎಷ್ಟು ಚೆನ್ನ ಎಂದು ಹೊಗಳತೊಡಗಿದ. ಮಾರ್ಲಿಸ್ ಅವನ ಜೊತೆ ಜಗಳವಾಡುತ್ತಲೇ ನಿಲ್ಲಿಸಿ, ಜಗಳವಾಡುತ್ತಲೇ ಕಿಟಕಿ ಇಳಿಸಿ, ಒಂದು ಗಳಿಗೆ ಬಾಯಿ ಮುಚ್ಚಿ ಕೇಳಿಸಿಕೊಂಡು, ಮತ್ತೆ ಜಗಳ ಮುಂದುವರಿಸಿದಳು. ವರ್ನ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಅವಳೂ ನಕ್ಕಳು, ನಗುತ್ತಾ ನಗುತ್ತಾ ಅಳು ಬಂತು.

ಆಗ ವರ್ನ್ ತಮಾಷೆ ಬಿಟ್ಟ. ಒಂದು ಕೈ ಅವಳ ಮೊಣಕಾಲ ಮೇಲಿಟ್ಟು ಮೆಲ್ಲಗೆ ಒತ್ತಿ ಹಿಡಿದ. ಪಿಕಪ್ ಹಳಿಯ ಮೇಲೆ ಧಡಕ್ ಧಡಕ್ಕೆಂದು ಹಾರಿ ಆಚೆ ಹೋಯಿತು. ದಾಟಿದ ಮೇಲೆ ಅವಳು ಬದಿಗೆ ನಿಲ್ಲಿಸಿ, ಹೆತ್ತವರ ಗೋರಿ ಮುಂದೆ ಹಲೋ ಅನ್ನದೆ ಬಂದ ಹಾಗಾಯಿತು ಎಂದಳು. ಕತ್ತಲಾಗುವವರೆಗೂ ಹಾಗೇ ಹಿಂದೆ ಮುಂದೆ ಓಡಾಡಿದರು, ಕೊನೆ ಕೊನೆಗೆ ಅವನ ಕೈ ಬೇಕಾಗಲಿಲ್ಲ.

ಸೋಮವಾರ ಬೆಳಿಗ್ಗೆ ಕರ್ಟಿಸ್ ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕೂತ. ಮಕ್ಕಳಿಗೆ ಅವನು ಯಾರೆಂಬ ಪರಿವೆಯಿಲ್ಲ. ಹಿಂದಿನ ಸೀಟುಗಳಲ್ಲಿ ಯಾರದೋ ಟೋಪಿ ಚೆಂಡಾಗಿತ್ತು, ನಡುವೆ ಇಬ್ಬರು ಅಣ್ಣತಮ್ಮ ಕೈ ಕೈ ಮಿಲಾಯಿಸಿದ್ದರು, ಈ ವರ್ಷವಷ್ಟೇ ಶಾಲೆಗೆ ಸೇರಿದ ಬ್ರಿನ್ ಎಂಬ ಪುಟ್ಟಿ ಯಾರೂ ಕೇಳದಿದ್ದರೂ ತನ್ನ ಬೆಕ್ಕಿನ ಬಾಣಂತನದ ಕಥೆ ಹೇಳುತ್ತಿದ್ದಳು. ಮಾರ್ಲಿಸ್‌ಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಬಸ್ಸು ಹೋದರೆ ಈ ಮಕ್ಕಳೆಲ್ಲ ಹೋದಂತೆ. ಬಸ್ಸು ಉಳಿದರೂ ಅವರ ಉಸಿರು ಇನ್ನು ತನಗೆ ಕೇಳಿಸುವುದಿಲ್ಲ. ಯಾವುದು ಹೆಚ್ಚಿನ ನಷ್ಟ ಎಂದು ಬೆಳಗಿನವರೆಗೂ ಹೊರಳಾಡಿದ್ದಳು.

ಗೋದಾಮು ಹಿಂದೆ ಸರಿಯಿತು. ದೂರದಲ್ಲಿ ಅಡ್ಡಪಟ್ಟಿ ಕಾಣಿಸಿತು. ಕನ್ನಡಿಯಲ್ಲಿ ನೋಡಿದಳು, ಹಿಂದೆ ಗೆಡ್ಡೆ ತುಂಬಿದ ಲಾರಿಯೊಂದು ಬರುತ್ತಿತ್ತು. ಅದನ್ನು ಕಂಡದ್ದೇ ಒಳ್ಳೆಯದಾಯಿತು. ಅವಳು ಮಿನುಗು ದೀಪದ ಗುಂಡಿ ಮುಟ್ಟಲಿಲ್ಲ. ವೇಗ ತುಸು ಇಳಿಸಿದಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕಾಲು ಮೇಲೆದ್ದು ಬ್ರೇಕಿನತ್ತ ಹೊರಳಿತು, ಅವಳು ಹಲ್ಲು ಕಚ್ಚಿ ಅದನ್ನು ಹಿಂದಕ್ಕೆಳೆದಳು. ಪಕ್ಕದಲ್ಲಿ ಕರ್ಟಿಸ್, ಹೊಸ ಟೈರುಗಳು ಮುಂದಿನ ವಾರ ಬರುತ್ತವೆ, ಈ ಸಲ ಹಿಮಕ್ಕೆ ಅಂತಲೇ, ಎಂದು ಏನೋ ಹೇಳುತ್ತಿದ್ದ.

ಹೇಳುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ.

ಬಸ್ಸಿನಲ್ಲಿ ಯಾವ ಸದ್ದೂ ಇರಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಇಷ್ಟು: ಟೋಪಿ ಯಾರದೋ ಕೈಯಲ್ಲಿ ಹಾಗೇ ನಿಂತಿತ್ತು, ಅಣ್ಣ ತಮ್ಮನ ಕಾಲರ್ ಬಿಟ್ಟಿದ್ದ, ಎಲ್ಲ ತಲೆಗಳೂ ಕಿಟಕಿಗಳತ್ತ ತಿರುಗಿದ್ದವು. ಯಾರೂ ಅವರಿಗೆ ಹೇಳಿರಲಿಲ್ಲ. ಚಕ್ರಗಳು ಹಳಿಯ ಮೇಲೆ ಧಡಕ್ಕೆಂದವು, ಮತ್ತೊಮ್ಮೆ ಧಡಕ್ಕೆಂದವು. ಆ ಎರಡು ಸದ್ದುಗಳ ನಡುವೆ ಹಿಂದೆಲ್ಲೋ ಒಬ್ಬನಿಗೆ ಮೂಗು ಕಟ್ಟಿರುವುದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಆಚೆ ದಾಟಿದ ಮೇಲೆ ಮೊದಲು ಬಾಯಿ ಬಿಟ್ಟವಳು ಬ್ರಿನ್.

"ರೈಲು ಬರ್ತಿರ್ಲಿಲ್ಲ ಮಾರ್ಲಿಸ್," ಎಂದಳು. "ನೀನು ನಿಲ್ಲಿಸೋದು ಮರೆತ್ಯಲ್ಲ, ಅದಕ್ಕೆ ನಾವೇ ಕೇಳಿಸ್ಕೊಂಡ್ವಿ."

ಮಾರ್ಲಿಸ್‌ಗೆ ಥ್ಯಾಂಕ್ಸ್ ಕಣಮ್ಮ ಎನ್ನಲು ಒಂದೆರಡು ಸಲ ಪ್ರಯತ್ನಪಡಬೇಕಾಯಿತು. ಕರ್ಟಿಸ್ ತಾನೇನು ಹೇಳುತ್ತಿದ್ದೆ ಎಂದು ನೆನಪಾಗದೆ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಹಿಂದೆ ಟೋಪಿ ಮತ್ತೆ ಹಾರಿತು, ಬೆಕ್ಕಿನ ಕಥೆ ಬಿಟ್ಟಲ್ಲಿಂದ ಶುರುವಾಯಿತು, ಬಸ್ಸು ಮುಂದಿನ ಮನೆಯ ಮಕ್ಕಳನ್ನು ಹತ್ತಿಸಿಕೊಳ್ಳಲು ಹೋಯಿತು.