ಎಡಚಿ ಕಲಿಸಿದ ಕೆಲಸ

ಮೊಮ್ಮಗಳನ್ನು ಕರೆದುಕೊಂಡು ಹೋಗಲೆಂದೇ ನಾನು ಅಳಿಯನ ಮನೆಗೆ ಬಂದಿದ್ದೆ. ನನ್ನ ಮಗಳು, ನಮ್ಮ ಎಡಚಿ, ಹೆತ್ತ ತಿಂಗಳೊಳಗೇ ಜ್ವರ ಬಂದು ಹೋಗಿಬಿಟ್ಟಿದ್ದಳು. ಕಾರಿನ ಸೀಟು ಹೊಲಿಯುವ ಗಂಡಸು ತಾಯಿಯಿಲ್ಲದ ಹಸುಗೂಸನ್ನು ಹೇಗೆ ಸಾಕಿಯಾನು? ಅವನೂ ಬೇಡ ಅನ್ನಲಿಲ್ಲ. "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ ಅತ್ತೆ" ಅಂದು ಗೋಡೆ ನೋಡಿದ. ಸಂಜೆಯ ಬಸ್ಸಿಗೆಂದು ಮಗುವಿನ ಅಂಗಿ, ಹಾಲಿನ ಬಾಟಲಿ, ಡೈಪರಿನ ಕಟ್ಟು ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ, ದಾರಿಗೆಂದು ಒಂದೇ ಡೈಪರ್ ಹೊರಗಿಟ್ಟೆ.

ಸರಿಯಾಗಿ ಹೊರಡುವ ಹೊತ್ತಿಗೆ ಪುಟ್ಟಿ ಮುಖ ಕೆಂಪಗೆ ಮಾಡಿಕೊಂಡು ತಿಣುಕಿದಳು. ವಾಸನೆ ಕೋಣೆಯೆಲ್ಲ ಹಬ್ಬಿತು.

"ಇದೊಂದ್ಸಲ ನಾನೇ ಬದಲಾಯಿಸ್ತೀನಿ" ಅಂದ ಅಳಿಯ. ಆಗಲಿ ಅಂದೆ. ನಾಳೆಯಿಂದ ಹೇಗೂ ನನ್ನ ಪಾಲಿಗೇ ಇದೆ.

ಮಂಚದ ಮೇಲೆ ರಬ್ಬರ್ ಶೀಟು ಹಾಸಿ, ಮಗುವಿನ ತಲೆ ತನ್ನ ಬಲಕ್ಕೆ ಬರುವಂತೆ ಮಲಗಿಸಿದ. ಬಲಗೈಯಲ್ಲಿ ಪುಟ್ಟ ಕಾಲೆರಡನ್ನೂ ಎತ್ತಿ ಹಿಡಿದು ಎಡಗೈಯಲ್ಲಿ ಒರೆಸತೊಡಗಿದ. ಒದ್ದೆ ಬಟ್ಟೆ ಬೆರಳಿಗೆ ಸುತ್ತಿಕೊಂಡಿತು. ಕಕ್ಕ ತೊಡೆಗೂ ಮೆತ್ತಿತು, ಅವನ ಅಂಗಿಯ ತೋಳಿಗೂ ಮೆತ್ತಿತು. ದಪ್ಪ ರೆಕ್ಸಿನ್ನಿಗೆ ಗೆರೆ ಎಳೆದ ಹಾಗೆ ನೇರ ಹೊಲಿಗೆ ಹಾಕುವವನು, ಡೈಪರಿನ ಎರಡು ಅಂಟುಪಟ್ಟಿ ಹಾಕಲಾರದೆ ಎಡಗೈಯಲ್ಲಿ ತಡವರಿಸುತ್ತಿದ್ದ.

ನನ್ನದು ಸುಮ್ಮನಿರುವ ಬಾಯಲ್ಲ.

"ಏನಪ್ಪ, ಹೆತ್ತ ಮಗೂದು ಅಷ್ಟು ಅಸಹ್ಯನಾ? ಬಲಗೈ ಸೋಕಿದ್ರೆ ಸವೆದುಹೋಗುತ್ತಾ? ಎಡಗೈಲಿ ಮೂಗು ಮುರ್ಕೊಂಡು ಮಾಡೋದಾದ್ರೆ ಮಾಡ್ಲೇಬೇಡ, ಬಿಡು!"

ಅವನು ಮಗುವನ್ನು ತಿರುಗಿಸಿ, ತಲೆ ಎಡಕ್ಕೆ ಮಾಡಿ ಮಲಗಿಸಿದ. ಬಲಗೈಯಲ್ಲಿ ಒರೆಸಿದ, ಪಟ್ಟಿ ಎಳೆದು ಅಂಟಿಸಿದ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು, ಎಲ್ಲಿಯೂ ಸೊಟ್ಟಗಾಗಲಿಲ್ಲ.

"ನೋಡು, ಬರುತ್ತೆ!" ಅಂದೆ ಗೆದ್ದವಳ ಹಾಗೆ.

ಅವನು ಮುಖ ಎತ್ತಲೇ ಇಲ್ಲ. ರಬ್ಬರ್ ಶೀಟಿನ ಮೇಲೆ ಟಪ್ ಟಪ್ ಎಂದು ನೀರು ಬೀಳುತ್ತಿತ್ತು.

"ಅಸಹ್ಯ ಅಲ್ಲ ಅತ್ತೆ. ಅವಳು ಹಾಗೇ ಕಲಿಸಿದ್ದು. ಆಸ್ಪತ್ರೆಯಿಂದ ಬಂದ ದಿನ ಪಕ್ಕದಲ್ಲಿ ನಿಲ್ಲಿಸ್ಕೊಂಡು, ನಾನು ಮಾಡ್ದ ಹಾಗೇ ಮಾಡಿ ಅಂದ್ಲು. ನಾನೂ ಹಾಗೇ ಮಾಡ್ದೆ. ಅವಳದು ಎಡಗೈ ಅನ್ನೋದು ಆಗ ಇಬ್ರಿಗೂ ಹೊಳೀಲಿಲ್ಲ. ಆಮೇಲೆ ಹೊಳೀತು. ಆದ್ರೆ ಅಷ್ಟರಲ್ಲಿ ಅವಳೇ ಇರ್ಲಿಲ್ಲ. ಬಲಗೈಲಿ ಮಾಡೋಕೆ ಮನಸ್ಸು ಬರ್ಲಿಲ್ಲ."

ಚಾಕು, ಚಿಲಕ, ಸೂಜಿ, ಎಲ್ಲವನ್ನೂ ತಿರುಗಾಮುರುಗಾ ಹಿಡಿಯುತ್ತಿದ್ದ ಹುಡುಗಿ. ಎಡಚಿ, ಎಡಚಿ ಎಂದು ದಿನವೂ ಕೂಗಿ ಬೆಳೆಸಿದವಳು ನಾನೇ. ಅವಳ ಕೈ ಕಣ್ಣೆದುರಿಗೇ ಆಡುತ್ತಿತ್ತು, ಹೆತ್ತವಳಿಗೆ ಗುರುತು ಸಿಗಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಮಂಚದ ಹತ್ತಿರ ಹೋಗಿ ಮಗುವಿಗೆ ಹಾಕಿದ್ದ ಡೈಪರನ್ನು ಬಿಚ್ಚಿದೆ.

"ಚೆನ್ನಾಗೇ ಇತ್ತಲ್ಲ ಅತ್ತೆ?"

"ಇನ್ನೊಂದ್ಸಲ ಹಾಕು. ಅವಳು ತೋರಿಸಿದ ಹಾಗೆ. ನಾನು ನೋಡ್ಬೇಕು."

"ಬಸ್ಸಿಗೆ ಹೊತ್ತಾಯ್ತು."

"ಬಸ್ಸು ಹಾಳಾಗ್ಲಿ. ನೀನು ಅಂಗಡಿಗೆ ಹೋದಾಗ ನಾನು ಇಲ್ಲೇ ಇದ್ದು ನೋಡ್ಕೋತೀನಿ. ಬಂದ್ಮೇಲೆ ನೀನೇ ನೋಡ್ಕೋ."

ಅವನು ಮಗುವಿನ ತಲೆಯನ್ನು ಮತ್ತೆ ಬಲಕ್ಕೆ ತಿರುಗಿಸಿದ. ಅಷ್ಟರಲ್ಲಿ ಆ ಪೋರಿ ಇಬ್ಬರ ಕೈಗೂ ಬೆಚ್ಚಗೆ ಉಚ್ಚೆ ಹೊಯ್ದಳು. ಅಳುತ್ತಿದ್ದ ನಮಗೆ ನಗುವೂ ಬಂತು. ಇನ್ನೊಂದು ಡೈಪರ್ ಬೇಕಾಯಿತು, ಚೀಲದ ಗಂಟು ಬಿಚ್ಚಿದೆ. ಮತ್ತೆ ಅದನ್ನು ಕಟ್ಟಲಿಲ್ಲ.

ಅಳಿಯ ಎಡಗೈ ಮುಂದೆ ಚಾಚಿದ. ಮೊಣಕೈಯನ್ನು ಸ್ವಲ್ಪ ಮೇಲೆತ್ತಿ, ನಾಲಿಗೆಯ ತುದಿ ಕಚ್ಚಿಕೊಂಡ. ನಾಲಿಗೆ ಕಚ್ಚುವುದನ್ನೂ ಅವಳಿಂದಲೇ ಕಲಿತಿದ್ದ. ಪಟ್ಟಿ ಈ ಸಲವೂ ಸೊಟ್ಟಗೆ ಅಂಟಿತು. ನಾನು ಸರಿ ಮಾಡಲು ಹೋಗಲಿಲ್ಲ.